ದಂಡಿನ ಲೆಕ್ಕದಲ್ಲಿ ಸಿಗದ ಸಿಪಾಯಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಭೂಪಟವನ್ನು ಬಿಡಿಸಿ, ಸೇಂಟ್ ಲಾರೆನ್ಸ್ ನದಿಯ ಎರಡು ದಂಡೆಗಳನ್ನೂ, ದಕ್ಷಿಣದಿಂದ ಹರಿದು ಬಂದು ಅದನ್ನು ಕೂಡುವ ರಿಶಲ್ಯೂ ನದಿಯ ತೀರವನ್ನೂ ಅನುಸರಿಸಿಕೊಂಡು ಹೋದರೆ ಸೊರೆಲ್, ಶಾಂಬ್ಲಿ, ಕೋಂತ್ರಕರ್, ವೆರ್ಷೇರ್, ವಾರೆನ್, ಬೆರ್ತಿಯೆ ಎಂಬ ಊರುಗಳು ಒಂದರ ಹಿಂದೊಂದು ಕಣ್ಣಿಗೆ ಬೀಳುತ್ತವೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಕಳುಹಿಸಿದ ದಂಡಿನ ಸರದಾರರ ಹೆಸರುಗಳಿವು. ಸರದಾರರಿಗೆ ಜಹಗೀರು ದೊರೆಯಿತು. ಜಹಗೀರಿನಿಂದ ಊರಿಗೆ ಅವರ ಹೆಸರು ಬಂದಿತು. ಅವರ ಕೈಕೆಳಗೆ ಬಂದೂಕು ಹೊತ್ತು ನಡೆದ ಸಾಮಾನ್ಯ ಸಿಪಾಯಿಗಳ ಹೆಸರು ಭೂಪಟಕ್ಕೆ ಏರಲಿಲ್ಲ. ಆದರೆ ಇಂದು ಕ್ವಿಬೆಕ್ಕಿನಲ್ಲಿಯೂ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿಯೂ ಬಾಳುತ್ತಿರುವ ಅಸಂಖ್ಯಾತ ಕುಟುಂಬಗಳು ತಮ್ಮ ವಂಶದ ಮೂಲವನ್ನು ಅರಸುತ್ತ ಒಂದೊಂದೇ ತಲೆಮಾರು ಹಿಂದಕ್ಕೆ ಸರಿದಂತೆ, ಎಲ್ಲಿಯೋ ಒಂದು ಕಡೆ ಇಂಥ ಸಿಪಾಯಿಯೊಬ್ಬನನ್ನು ಎದುರುಗೊಳ್ಳುತ್ತವೆ.

ಎದುರುಗೊಂಡವನನ್ನು ಇಂಥವನೇ ಎಂದು ಗುರುತಿಸುವುದು ಹೇಗೆ? ಸಿಪಾಯಿಯಾಗಿದ್ದವನ ಹೆಸರು, ಊರು, ತಂದೆತಾಯಿಗಳು ದಂಡಿನ ದಫ್ತರದಲ್ಲಿ ಸಿಕ್ಕೇ ಸಿಗಬೇಕೆಂದು ಹೊಸದಾಗಿ ಈ ಕೆಲಸಕ್ಕೆ ಕೈಹಾಕಿದವರು ಎಣಿಸುವುದು ಸಹಜ. ಅನುಭವಕ್ಕೆ ಬರುವುದು ಬಹುಮಟ್ಟಿಗೆ ಇದರ ವಿರುದ್ಧ. ದೊರೆಯ ಖಜಾನೆಗೆ ಬೇಕಾಗಿದ್ದುದು ಎಷ್ಟು ಜನಕ್ಕೆ ಸಂಬಳ, ಎಷ್ಟು ಬಾಯಿಗೆ ರೊಟ್ಟಿ, ಎಷ್ಟು ಮೈಗೆ ಅಂಗಿ ಎಂಬ ಮೊತ್ತ. ಆ ಮೊತ್ತ ಸರಿಹೋದರೆ ಕರಣಿಕನ ಕರ್ತವ್ಯ ಮುಗಿಯಿತು. ಸಿಪಾಯಿ ದಂಡಿನಿಂದ ಒಂದು ಹೆಜ್ಜೆ ಹೊರಗಿಟ್ಟು ಮದುವೆಗೆ ನಿಂತಾಗ, ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ, ಜಮೀನು ಹಿಡಿದಾಗ, ಆಗಲೇ ಅವನು ತಂದೆತಾಯಿಗಳೂ ಹುಟ್ಟೂರೂ ಉಳ್ಳ ಮನುಷ್ಯನಾಗಿ ಕಾಗದದ ಮೇಲೆ ಕಾಣಿಸಿಕೊಳ್ಳುತ್ತಾನೆ. ಆದುದರಿಂದ ಸಿಪಾಯಿಯನ್ನು ಹುಡುಕುವವನು ಮೊದಲು ಹೋಗಬೇಕಾದುದು ಇಗರ್ಜಿಗೆ. ದಂಡಿನ ಕಡತಗಳ ಸರದಿ ಆಮೇಲಿನದು.

ಮೊದಲಿಗೆ ಆ ದಂಡುಗಳ ವಿಚಾರ. ಕಾರಿನ್ಯಾಂ-ಸಾಲಿಯೇರ್ ಎಂಬ ರೆಜಿಮೆಂಟು, ಸುಮಾರು 1,200 ಮಂದಿ, 1665ರ ಬೇಸಗೆಯಲ್ಲಿ ಕ್ವಿಬೆಕ್ಕಿಗೆ ಬಂದಿಳಿಯಿತು. ಇರೊಕ್ವಾ ಜನಾಂಗಗಳ ಒಕ್ಕೂಟದೊಡನೆ ನಡೆಯುತ್ತಿದ್ದ ಹೋರಾಟದಲ್ಲಿ ಅಲ್ಲಿಯ ಫ್ರೆಂಚ್ ವಸಾಹತನ್ನು ಕಾಯುವುದು ಅದಕ್ಕೆ ವಹಿಸಿದ ಕೆಲಸ. ಮರುವರ್ಷ ಇಂಟೆಂಡೆಂಟ್ (ಆಡಳಿತಾಧಿಕಾರಿ) ತಾಲೋಂ ನಡೆಸಿದ ಖಾನೇಷುಮಾರಿಯಲ್ಲಿ ಇಡೀ ವಸಾಹತಿನ ಜನಸಂಖ್ಯೆ 3,215 ಎಂದು ಬಂದಿತೆಂದರೆ, ಇಷ್ಟು ದೊಡ್ಡ ಪಡೆ ಅಲ್ಲಿ ಎಂಥ ಸಂಚಲನವನ್ನುಂಟುಮಾಡಿರಬೇಕೆಂಬುದನ್ನು ಊಹಿಸಬಹುದು. ಆ ಖಾನೇಷುಮಾರಿ ದಂಡಿನವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ; ಸಿಪಾಯಿಯಾಗಿದ್ದಾಗ ಅದರಲ್ಲಿ ಕಾಣದವನು, ಒಕ್ಕಲಾಗಿ ನೆಲೆಸಿದ ಮೇಲೆ 1681ರ ಖಾನೇಷುಮಾರಿಯಲ್ಲಿ ಹೆಂಡತಿ, ಮಕ್ಕಳು, ದನಗಳು, ಒಂದು ಬಂದೂಕು ಇವುಗಳ ಸಮೇತ ಪ್ರತ್ಯಕ್ಷನಾಗುತ್ತಾನೆ. 1667ರಲ್ಲಿ ಒಪ್ಪಂದವಾಗಿ ಶಾಂತಿಯುಂಟಾದ ಮೇಲೆ, 1668ರಲ್ಲಿ ರೆಜಿಮೆಂಟು ಹಿಂದಿರುಗುವಾಗ ಸುಮಾರು 400 ಮಂದಿ ಅಲ್ಲಿಯೇ ಉಳಿದರು. ಹಾಗೆ ಉಳಿದ ಸಿಪಾಯಿಗೆ 100 ಲಿವ್ರ್ ಹಣ, ಅಥವಾ 50 ಲಿವ್ರ್ ಹಣದ ಜೊತೆಗೆ ಒಂದು ವರ್ಷದ ಆಹಾರಸಾಮಗ್ರಿ ಎಂದು ಗೊತ್ತುಮಾಡಲಾಗಿತ್ತು. ಅದೇ ಕಾಲದಲ್ಲಿ, 1663ರಿಂದ 1673ರವರೆಗೆ, ದೊರೆಯ ಖರ್ಚಿನಲ್ಲಿ ಸುಮಾರು 770 ಮಂದಿ ಅವಿವಾಹಿತ ಹೆಂಗಸರನ್ನು ಫ್ರಾನ್ಸಿನಿಂದ ಅಲ್ಲಿಗೆ ಕಳುಹಿಸಲಾಯಿತು. ಉಳಿದ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಇವರನ್ನೇ ವರಿಸಿ ಸಂಸಾರ ಹೂಡಿದರು.

ಇದು ಮೊದಲನೆಯ ದಂಡು. ಎರಡನೆಯದು 1683ರಿಂದ ಬರತೊಡಗಿದ ನೌಕಾಖಾತೆಯ ಕಂಪನಿಗಳು. ಫ್ರಾನ್ಸಿನ ವಸಾಹತುಗಳೆಲ್ಲ ನೌಕಾಮಂತ್ರಿಯ ಅಧೀನದಲ್ಲಿದ್ದುದರಿಂದ ಅವುಗಳ ಕಾವಲಿನ ಪಡೆಗಳಿಗೆ ಈ ಹೆಸರು ಬಂದಿತೇ ಹೊರತು, ಈ ಸಿಪಾಯಿಗಳು ನಾವಿಕರಲ್ಲ. ಮೂರನೆಯದು, 1755ರಿಂದ 1757ರ ನಡುವೆ ಇಂಗ್ಲಿಷರೊಡನೆ ಕಾದಲು ಬಂದ ಭೂಸೈನ್ಯದ ಬೆಟಾಲಿಯನ್ನುಗಳು: ಲಾ ರೆನ್, ಲಾಂಗ್ದಾಕ್, ಗುಯೆನ್, ಬೆಯಾರ್ನ್, ಲಾ ಸಾರ್, ರೊಯಾಲ್ ರೂಸಿಯೋಂ, ಬೆರಿ. 1759ರ ಸೆಪ್ಟೆಂಬರ್ 13ರಂದು ಕ್ವಿಬೆಕ್ ಕೋಟೆಯ ಹೊರಗಿನ ಬಯಲಿನಲ್ಲಿ ಮೋಂಕಾಮ್ ಸೇನಾನಿಯ ಕೈಕೆಳಗೆ ಕಾದಿ ಸೋತವರು, ಮರುವರ್ಷ ಮಾಂಟ್ರಿಯಲ್ಲಿನಲ್ಲಿ ಶರಣಾಗತರಾದವರು ಇವರೇ. ವಂಶಾವಳಿಯನ್ನು ಹುಡುಕುವವನು ತನ್ನ ಪೂರ್ವಿಕ ಈ ಮೂರರಲ್ಲಿ ಯಾವುದಕ್ಕೆ ಸೇರಿದವನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು, ಏಕೆಂದರೆ ಒಂದೊಂದರ ಕಾಗದಪತ್ರವೂ ಒಂದೊಂದು ಕಡೆ ಇದೆ. ಮನೆಯಲ್ಲಿ ಹೇಳಿಕೊಂಡು ಬಂದ ಮಾತನ್ನು ಇಲ್ಲಿ ಸುಲಭವಾಗಿ ನೆಚ್ಚಲಾಗದು. ಕಾರಿನ್ಯಾಂ ರೆಜಿಮೆಂಟಿನ ಖ್ಯಾತಿ ಎಂಥದೆಂದರೆ, ಅದು ಹೊರಟುಹೋದ ಎಷ್ಟೋ ವರ್ಷಗಳ ಅನಂತರ ಬಂದವರ ಸಂತತಿಯೂ ತಮ್ಮ ಮೂಲಪುರುಷ ಅದರಲ್ಲಿಯೇ ಇದ್ದನೆಂದು ಹೇಳಿಕೊಳ್ಳುವುದುಂಟು. ಇನ್ನು ಕೆಲವರು ಅವನನ್ನು ಸಿಪಾಯಿಯಿಂದ ಸರದಾರನ ಪದವಿಗೂ ಏರಿಸಿಬಿಟ್ಟಿರುತ್ತಾರೆ. ಹೊಲದ ಕೂಲಿಯ ಮಗನಾಗಿ ಹುಟ್ಟಿ, ಮಹಾಸಾಗರವನ್ನು ದಾಟಿ, ಗುರುತು ಪರಿಚಯವಿಲ್ಲದ ಮಂಜಿನ ನಾಡಿನಲ್ಲಿ ಒಕ್ಕಲುಮನೆಯೊಂದನ್ನು ನಿಲ್ಲಿಸಿದವನಿಗೆ ಇಂಥ ಹುಸಿ ಪದವಿಯ ಅಗತ್ಯ ಯಾವುದೂ ಇಲ್ಲವೆಂದು ನನ್ನ ಭಾವನೆ.

ಹುಡುಕಾಟದ ದೊಡ್ಡ ತೊಡಕು ಹೆಸರಿನದು. ಫ್ರೆಂಚ್ ದಂಡಿಗೆ ಸೇರಿದ ಸಿಪಾಯಿಗೆ ಒಂದು ಅಡ್ಡಹೆಸರು ಬೀಳುತ್ತಿತ್ತು. ಕೆಲವು ಗುಣವನ್ನೋ ವಿನೋದವನ್ನೋ ಸೂಚಿಸುವಂಥವು: ಹೂವೆಂಬ ಅರ್ಥದ ಲಾಫ್ಲರ್, ಚಿಂತೆಯಿಲ್ಲದವನೆಂಬ ಸಾಂಸೂಸಿ, ಬೆಟ್ಟವನ್ನೇ ಸೀಳುವವನೆಂಬ ತ್ರಾಂಶ್‌ಮೊಂತಾಞ್. ಕೆಲವು ಸೀಮೆಯ ಹೆಸರುಗಳು: ಪಿಕಾರ್, ಬ್ರೆತೋಂ, ಷಾಂಪಾಞ್. ಒಂದೇ ಕಾಲದಲ್ಲಿ ಹಲವು ಕಂಪನಿಗಳಲ್ಲಿ ಹಲವು ಲಾಫ್ಲರರು ಇರುತ್ತಿದ್ದರು. ರೆಜಿಮೆಂಟಿನಿಂದ ಬಿಡುಗಡೆ ಪಡೆದು ಕೆನಡಾದಲ್ಲಿ ಒಕ್ಕಲಾದವರ 1668ರ ಪಟ್ಟಿಯೊಂದು ಉಳಿದುಬಂದಿದೆ. ಕಂಪನಿವಾರಾಗಿ ಬರೆದ ಅದರಲ್ಲಿಯೂ ಬಹುಪಾಲು ಇರುವುವು ಈ ಅಡ್ಡಹೆಸರುಗಳೇ. ಮದುವೆಯ ಸಮಯದಲ್ಲಿ ಪಾದ್ರಿ ಎರಡನ್ನೂ ಸೇರಿಸಿ, ಇಂಥ ಮನೆತನದವನು, ಇಂಥ ಅಡ್ಡಹೆಸರಿನವನು ಎಂದು ಬರೆದುಕೊಂಡರೆ ಹುಡುಕುವವನ ಭಾಗ್ಯ. ಆ ಒಂದು ಸಾಲಿನಿಂದ ಪಟ್ಟಿಯ ಲಾಫ್ಲರನಿಗೆ ಮನೆತನವೊಂದು ದೊರೆತಂತಾಗುತ್ತದೆ. ಮುಂದಿನ ತಲೆಮಾರುಗಳಲ್ಲಿ ಒಬ್ಬ ಮಗ ಮನೆತನದ ಹೆಸರನ್ನೂ ಇನ್ನೊಬ್ಬ ಅಡ್ಡಹೆಸರನ್ನೂ ಇಟ್ಟುಕೊಂಡು, ಒಂದೇ ಬೇರಿನಿಂದ ಎರಡು ಕುಲನಾಮಗಳು ಒಡೆದದ್ದೂ ಉಂಟು. ಸಾಲದುದಕ್ಕೆ, 1840ರಿಂದ 1930ರವರೆಗಿನ ಅವಧಿಯಲ್ಲಿ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನರು ಅಮೆರಿಕಕ್ಕೆ ವಲಸೆ ಹೋದರು. ಅವರಲ್ಲಿ ಬಹುಮಂದಿ ಮೆಸಾಚುಸೆಟ್ಸ್, ಮೇನ್ ಮೊದಲಾದ ರಾಜ್ಯಗಳ ಬಟ್ಟೆ ಗಿರಣಿಗಳಲ್ಲಿ ಕೆಲಸಕ್ಕೆ ಸೇರಿ ತಮ್ಮ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರು. ಬ್ವಾವೇರ್ ಮನೆತನದವರು ಗ್ರೀನ್‌ವುಡ್ ಆದರು. ಇಂದಿನ ಗ್ರೀನ್‌ವುಡ್ ಒಬ್ಬನಿಗೆ ತನ್ನ ಅಜ್ಜಂದಿರು ಫ್ರೆಂಚರೆಂಬುದೇ ಮರೆತುಹೋಗಿದ್ದರೆ ಅದರಲ್ಲಿ ಸೋಜಿಗವಿಲ್ಲ.

ಆದುದರಿಂದ ಹುಡುಕಾಟ ತನ್ನಿಂದಲೇ ಮೊದಲಾಗಿ ಹಿಂದಕ್ಕೆ ಸಾಗಬೇಕು. ಪ್ರಸಿದ್ಧ ಸಿಪಾಯಿಯೊಬ್ಬನನ್ನು ಹಿಡಿದು ಅಲ್ಲಿಂದ ಕೆಳಕ್ಕಿಳಿದು ಬರುವವನು ತನಗೆ ಬೇಕಾದ ಅಜ್ಜನನ್ನು ಆರಿಸಿಕೊಳ್ಳುತ್ತಾನೆಯೇ ಹೊರತು ತನ್ನ ಅಜ್ಜನನ್ನು ಕಾಣುವುದಿಲ್ಲ. ನಮ್ಮ ನಾಡಿನಲ್ಲಿ ಹೆಳವರು ಮನೆಯ ಮುಂದೆ ಎತ್ತನ್ನು ನಿಲ್ಲಿಸಿ ಒಕ್ಕಲಿನ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುತ್ತಾರಲ್ಲವೆ, ಆ ಕೆಲಸವನ್ನು ಕ್ವಿಬೆಕ್ಕಿನಲ್ಲಿ ಇಗರ್ಜಿಗಳ ಪುಸ್ತಕಗಳು ಮಾಡಿವೆ. ಫ್ರಾನ್ಸಿನಲ್ಲಿ 1539ರ ಶಾಸನ ಜ್ಞಾನಸ್ನಾನಗಳನ್ನೂ, 1579ರ ಶಾಸನ ಮದುವೆ ಮತ್ತು ಸಮಾಧಿಗಳನ್ನೂ ಬರೆದಿಡಬೇಕೆಂದು ವಿಧಿಸಿದ್ದುವು. 1667ರ ಶಾಸನವು ಆ ಪುಸ್ತಕಕ್ಕೆ ಎರಡು ಪ್ರತಿಗಳಿರಬೇಕು, ಒಂದು ಪಾದ್ರಿಯ ಬಳಿ ಉಳಿದು ಇನ್ನೊಂದು ನ್ಯಾಯಾಲಯಕ್ಕೆ ಸೇರಬೇಕು ಎಂದಿತು. ಇದೇ ಪದ್ಧತಿ ವಸಾಹತಿಗೂ ಬಂದಿತು. ಸಿಪ್ರಿಯೆನ್ ತಾಂಗೆ ಎಂಬ ಪಾದ್ರಿ ಈ ಪುಸ್ತಕಗಳನ್ನೆಲ್ಲ ಶೋಧಿಸಿ ಕೆನಡಾದ ಫ್ರೆಂಚ್ ಕುಟುಂಬಗಳ ವಂಶಾವಳಿಯ ನಿಘಂಟನ್ನು 1871ರಿಂದ 1890ರವರೆಗೆ 7 ಸಂಪುಟಗಳಲ್ಲಿ ಪ್ರಕಟಿಸಿದರು. ಯಂತ್ರದ ನೆರವು ಲವಲೇಶವೂ ಇಲ್ಲದ ಕಾಲದಲ್ಲಿ, ಊರಿಂದೂರಿಗೆ ತಿರುಗಿ, ಕೈಬರಹಗಳನ್ನು ಓದಿ ಮುಗಿಸಿದ ಆ ಪರಿಶ್ರಮವನ್ನು ನೆನೆದಾಗ ಗೌರವದಿಂದ ತಲೆ ಬಾಗುತ್ತದೆ. ಅದರಲ್ಲಿ ಉಳಿದ ದೋಷಗಳನ್ನು ತಿದ್ದುವ ಕಾರ್ಯವನ್ನು ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಜನಸಂಖ್ಯಾಶಾಸ್ತ್ರಜ್ಞರು 1966ರಲ್ಲಿ ಕೈಗೆತ್ತಿಕೊಂಡು, ಹಳೆಯ ಪುಸ್ತಕಗಳ ಒಂದೊಂದು ನಮೂದನ್ನೂ ಗಣಕಕ್ಕೆ ಏರಿಸಿ ಕುಟುಂಬ ಕುಟುಂಬಗಳನ್ನೇ ಮತ್ತೆ ಜೋಡಿಸಿದ್ದಾರೆ.

ಮದುವೆಯ ನಮೂದೊಂದು ಹೇಗಿರುತ್ತದೆಂಬುದನ್ನು ತುಸು ಹತ್ತಿರದಿಂದ ನೋಡೋಣ. ಮೂರು ಭಾನುವಾರಗಳ ಪೂಜೆಯಲ್ಲಿ ಈ ಮದುವೆಯ ವಿಚಾರವನ್ನು ಸಾರಲಾಗಿದೆ, ಯಾವ ಅಡ್ಡಿಯೂ ಕಂಡುಬಂದಿಲ್ಲ ಎಂದು ಮೊದಲು. ಆಮೇಲೆ ವರನ ಹೆಸರು, ಅಡ್ಡಹೆಸರು, ಇಂಥ ಕಪ್ತಾನನ ಕಂಪನಿಯ ಸಿಪಾಯಿ ಎಂಬ ಮಾತು, ತಂದೆಯ ಹೆಸರು, ತಾಯಿಯ ಹೆಸರು, ಅವರು ಫ್ರಾನ್ಸಿನ ಯಾವ ಧರ್ಮಕೇಂದ್ರದವರು, ಅದು ಯಾವ ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟದ್ದು ಎಂಬುದು. ವಧುವಿನ ಕಡೆಯದೂ ಹಾಗೆಯೇ. ಕಡೆಗೆ ಸಾಕ್ಷಿಗಳು, ಅವರಲ್ಲಿ ಒಬ್ಬಿಬ್ಬರು ಅದೇ ಕಂಪನಿಯ ಗೆಳೆಯರು. ವರನಿಗೆ ಸಹಿ ಮಾಡಲು ಬಾರದೆಂದು ವಿಚಾರಿಸಿ ತಿಳಿದುಕೊಂಡಿದ್ದೇವೆ ಎಂಬ ಒಕ್ಕಣೆ. ಬರೆಯಲು ಬಾರದವನು ಬಾಯಿಂದ ಹೇಳಿದ್ದನ್ನು ಪಾದ್ರಿ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡ; ಗ್ಯಾಸ್ಕನಿಯ ಉಚ್ಚಾರಣೆ ನಾರ್ಮಂಡಿಯ ಕಿವಿಯಲ್ಲಿ ಏನಾಯಿತೋ ಅದೇ ಕಾಗದಕ್ಕಿಳಿಯಿತು. ಆದುದರಿಂದ ಊರಿನ ಹೆಸರನ್ನು ಕಣ್ಣಿಂದ ಓದಿದರೆ ಸಾಲದು, ಗಟ್ಟಿಯಾಗಿ ಉಚ್ಚರಿಸಿ ನೋಡಬೇಕು. ಕಪ್ತಾನನ ಹೆಸರು ಸಹ ಉಪಯುಕ್ತವಾದುದು. ನೌಕಾಖಾತೆಯ ಕಂಪನಿಗಳನ್ನು ಆಯಾ ಕಪ್ತಾನನ ಹೆಸರಿನಿಂದಲೇ ಕರೆಯುತ್ತಿದ್ದುದರಿಂದ, ಅವನು ಯಾವ ವರ್ಷ ಯಾವ ಕೋಟೆಯಲ್ಲಿದ್ದನೆಂಬುದನ್ನು ಸರ್ಕಾರಿ ಪತ್ರವ್ಯವಹಾರದಿಂದ ತಿಳಿದುಕೊಂಡರೆ ಅವನ ಸಿಪಾಯಿ ಎಲ್ಲೆಲ್ಲಿ ಓಡಾಡಿದನೆಂಬುದರ ಸುಳಿವು ಹತ್ತುತ್ತದೆ.

ಇಗರ್ಜಿಯ ಪುಸ್ತಕದಷ್ಟೇ ಬೆಲೆಯುಳ್ಳದ್ದು ನೋಟರಿಯ ದಸ್ತಾವೇಜು. ಅಲ್ಲಿ ಬಡವರೂ ಮದುವೆಯ ಕರಾರುಪತ್ರ ಮಾಡಿಸುತ್ತಿದ್ದರು. ಪಾದ್ರಿ ತಾಯಿಯ ಹೆಸರನ್ನು ಬಿಟ್ಟುಬಿಟ್ಟ ಕಡೆಗಳಲ್ಲಿ ನೋಟರಿ ಅದನ್ನು ಬರೆದಿರುವುದುಂಟು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು, 1757ರಿಂದ 1763ರವರೆಗೆ ಕ್ವಿಬೆಕ್ಕಿನ ಧರ್ಮಪ್ರಾಂತದಲ್ಲಿ ದಾಖಲಾದ ವಿವಾಹ ಸ್ವಾತಂತ್ರ್ಯದ ಸಾಕ್ಷ್ಯಗಳು. ಯುದ್ಧದ ದಿನಗಳಲ್ಲಿ ಫ್ರಾನ್ಸಿನಿಂದ ಸಾವಿರಾರು ಮಂದಿ ಸಿಪಾಯಿಗಳು ಬಂದಿದ್ದರು. ಅವರಲ್ಲಿ ಕೆನಡಾದ ಹೆಣ್ಣನ್ನು ಮದುವೆಯಾಗಬೇಕೆಂದವನಿಗೆ ತನ್ನ ಊರಿನಲ್ಲಿ ಮೊದಲ ಹೆಂಡತಿ ಇಲ್ಲವೆಂಬುದಕ್ಕೆ ಏನು ಆಧಾರ? ಅದಕ್ಕಾಗಿ ಇಗರ್ಜಿಯ ಅಧಿಕಾರಿಗಳು ಅವನನ್ನು ಎದುರಿಗೆ ಕರೆಸಿ ಪ್ರಮಾಣ ಮಾಡಿಸಿ ವಿಚಾರಿಸುತ್ತಿದ್ದರು. ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ, ಯಾವ ವಯಸ್ಸಿನಲ್ಲಿ ಊರು ಬಿಟ್ಟೆ, ಆಮೇಲೆ ಎಲ್ಲೆಲ್ಲಿದ್ದೆ, ಯಾವ ರೆಜಿಮೆಂಟು, ಯಾವ ವರ್ಷ ಈ ನಾಡಿಗೆ ಬಂದೆ. ಅವನ ಮಾತು ಒಂದೇ ಸಾಕಾಗುತ್ತಿರಲಿಲ್ಲ. ಅವನನ್ನು ಬಾಲ್ಯದಿಂದಲೋ, ದಂಡಿಗೆ ಸೇರಿದಂದಿನಿಂದಲೋ ಬಲ್ಲ ಗೆಳೆಯರು ಬಂದು, ಇವನನ್ನು ಇಷ್ಟು ಕಾಲದಿಂದ ಬಲ್ಲೆವು, ಇವನಿಗೆ ಮದುವೆಯಾದದ್ದನ್ನು ನಾವು ಕಂಡಿಲ್ಲ, ಕೇಳಿಲ್ಲ ಎಂದು ಹೇಳಬೇಕಾಗಿತ್ತು. ಒಬ್ಬ ಬಡ ಸಿಪಾಯಿಯ ಬಾಳಿನ ಕಥೆ ಹತ್ತು ಸಾಲುಗಳಲ್ಲಿ, ಅವನ ಬಾಯಿಂದಲೇ, ಬಂದೂಕಿನ ಸದ್ದು ಇನ್ನೂ ಅಡಗದಿದ್ದ ಊರಿನಲ್ಲಿ ಬರೆಯಲ್ಪಟ್ಟಿರುವುದನ್ನು ಬೇರೆ ಎಲ್ಲಿ ತಾನೇ ಕಾಣಲಾದೀತು? ಸಾಕ್ಷಿ ನುಡಿಯಲು ಬಂದ ಗೆಳೆಯನ ಹುಟ್ಟೂರೂ ಅದೇ ಆಗಿರುವ ಸಂಭವವುಂಟಾದುದರಿಂದ, ತನ್ನ ಅಜ್ಜನ ಊರು ಸಿಗದವನು ಆ ಗೆಳೆಯನ ಜಾಡನ್ನು ಹಿಡಿದು ಹೋಗುವುದೂ ಒಂದು ಉಪಾಯ.

ಕ್ವಿಬೆಕ್ಕಿನ ಒತೆಲ್-ದ್ಯೂ ಆಸ್ಪತ್ರೆಯನ್ನು ಸನ್ಯಾಸಿನಿಯರು 1639ರಲ್ಲಿ ಸ್ಥಾಪಿಸಿದರು. 1689ರಿಂದ ಮುಂದಿನ ಅದರ ರೋಗಿಗಳ ಪಟ್ಟಿಗಳಲ್ಲಿ ಸಿಪಾಯಿಯ ಹೆಸರು, ವಯಸ್ಸು, ಸೀಮೆ, ಅವನು ಮಲಗಿದ್ದ ದಿನಗಳು ದೊರೆಯುತ್ತವೆ. ಮದುವೆಯಾಗದೆ ಸತ್ತವರ ಗುರುತು ಉಳಿದಿರುವುದು ಎಷ್ಟೋ ವೇಳೆ ಇಂಥ ಪಟ್ಟಿಗಳಲ್ಲಿ.

ಇಷ್ಟಾದ ಮೇಲೆ ಫ್ರಾನ್ಸಿನ ದಂಡಿನ ದಫ್ತರಕ್ಕೆ ಹೋಗಬಹುದು. 1716ರಲ್ಲಿ ಹೊರಟ ರಾಜಾಜ್ಞೆಯಂತೆ ಪ್ರತಿಯೊಂದು ರೆಜಿಮೆಂಟೂ ತನ್ನ ಸಿಪಾಯಿಗಳ ಪುಸ್ತಕವನ್ನಿಡಬೇಕಾಯಿತು. ದಂಡು ಬಿಟ್ಟು ಓಡಿಹೋದವರನ್ನು ಹಿಡಿಯುವುದು ಅದರ ಮುಖ್ಯೋದ್ದೇಶಗಳಲ್ಲೊಂದು. ಆ ಕಾರಣದಿಂದಲೇ ಅದರಲ್ಲಿ ಹೆಸರಿನ ಜೊತೆಗೆ ಅಡ್ಡಹೆಸರು, ಹುಟ್ಟೂರು, ಎತ್ತರ, ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮುಖದ ಮೇಲಿನ ಸಿಡುಬಿನ ಕಲೆ ಇವೂ ದಾಖಲಾದುವು. ಪ್ಯಾರಿಸಿನ ಬಳಿಯ ವೆಂಸೆನ್ ಕೋಟೆಯಲ್ಲಿ ಇವನ್ನು ರಕ್ಷಿಸಿಟ್ಟಿದ್ದಾರೆ. ಮೂರು ನೂರು ವರ್ಷಗಳ ಹಿಂದಿನ ಅಜ್ಜನ ಕಣ್ಣು ಬೂದುಬಣ್ಣದ್ದೆಂದು ಓದುವ ಮೊಮ್ಮಗನಿಗೆ ಏನನ್ನಿಸುತ್ತದೆಂಬುದನ್ನು ವರ್ಣಿಸುವ ಅಗತ್ಯವಿಲ್ಲ. ಆದರೆ ಈ ಸೌಲಭ್ಯ ಭೂಸೈನ್ಯದವರ ಸಂತತಿಗೇ ಹೆಚ್ಚಾಗಿ ಸಲ್ಲತಕ್ಕದ್ದು. ಕೆನಡಾದ ನೌಕಾಖಾತೆಯ ಕಂಪನಿಗಳ ಇಂಥ ಪುಸ್ತಕಗಳು ಉಳಿದಿರುವುದು ವಿರಳ.

ಹುಟ್ಟೂರು ತಿಳಿದರೂ ಅಲ್ಲಿಯ ಪುಸ್ತಕ ಉಳಿದಿರಬೇಕಲ್ಲ! ಪ್ಯಾರಿಸಿನಲ್ಲಿ ಹುಟ್ಟಿದ ಸಿಪಾಯಿಯ ಸಂತತಿಗೆ ಇದು ಬಲುದುಃಖದ ವಿಷಯ: 1871ರ ಮೇ ತಿಂಗಳಿನ ಕಾದಾಟದಲ್ಲಿ ಆ ನಗರದ ಪುರಭವನ ಸುಟ್ಟಾಗ ಜ್ಞಾನಸ್ನಾನ ಮದುವೆಗಳ ಪುಸ್ತಕಗಳು ಭಸ್ಮವಾದುವು, ಬೇರೊಂದು ಕಟ್ಟಡದಲ್ಲಿದ್ದ ಎರಡನೆಯ ಪ್ರತಿಗಳಿಗೂ ಅದೇ ಗತಿಯಾಯಿತು. 1944ರ ಜೂನ್ ತಿಂಗಳಿನಲ್ಲಿ ಸ್ಯಾಂ-ಲೋ ಪಟ್ಟಣದ ಮೇಲೆ ಬಾಂಬು ಬಿದ್ದು ಮಾಂಶ್ ಜಿಲ್ಲೆಯ ಪತ್ರಾಗಾರ ನಾಶವಾದಾಗ, ಹಳ್ಳಿಗಳಲ್ಲಿಯೇ ಉಳಿದಿದ್ದ ಪ್ರತಿಗಳು ಬಹುಮಂದಿಯ ಕೈಹಿಡಿದುವು. ಉಳಿದ ಜಿಲ್ಲೆಗಳ ಪುಸ್ತಕಗಳ ಪುಟಗಳು ಈಗ ಹೆಚ್ಚಾಗಿ ಇಂಟರ್‌ನೆಟ್ಟಿನಲ್ಲಿಯೇ ಓದಲು ದೊರೆಯುತ್ತವೆ.

ಸಿಪಾಯಿಯನ್ನು ಕೆನಡಾಕ್ಕೆ ಕಳುಹಿಸಿದ ನೌಕಾಖಾತೆಯ ಆಡಳಿತ ನಮ್ಮ ಕಡೆಗೂ ಚಾಚಿತ್ತು. ಲೋರಿಯಾಂ ಬಂದರಿನಿಂದ ಪುದುಚೇರಿಗೆ ಹೊರಟ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಪಟ್ಟಿಗಳಲ್ಲಿ, ಒಬ್ಬೊಬ್ಬ ಸಿಪಾಯಿಯ ಮುಂದೆಯೂ ಅವನು ಯಾವ ಬಂದರಿನಲ್ಲಿ ಇಳಿದ, ಅಥವಾ ಸಮುದ್ರದಲ್ಲಿಯೇ ತೀರಿಕೊಂಡ ಎಂಬ ಟಿಪ್ಪಣಿ ಇದೆ. ವಸಾಹತುಗಳಲ್ಲಿ ಬರೆದ ಹುಟ್ಟು, ಮದುವೆ, ಸಾವುಗಳ ಪುಸ್ತಕಗಳ ನಕಲನ್ನು ವರ್ಸೇಲ್ಸಿಗೆ ಕಳುಹಿಸಬೇಕೆಂದು 1776ರಲ್ಲಿ ಶಾಸನವಾದುದರಿಂದ ಪುದುಚೇರಿ, ಕಾರೈಕಾಲ್, ಮಾಹೆ, ಚಂದ್ರನಗರಗಳ ಪುಸ್ತಕಗಳು ಇಂದು ಎಕ್ಸ್-ಆಂ-ಪ್ರೊವಾಂಸ್ ನಗರದ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಮೈಸೂರಿನ ಚರಿತ್ರೆಗೆ ಸೇರಿದ ಒಂದು ಪ್ರಸಂಗವೂ ಉಂಟು. 1798ರ ಜನವರಿಯಲ್ಲಿ ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್, ಟಿಪ್ಪು ಸುಲ್ತಾನನ ಸಹಾಯಕ್ಕೆ ಹೋಗುವವರು ಮುಂದೆ ಬರಬೇಕೆಂದು ಬಹಿರಂಗವಾಗಿ ಸಾರಿದ. ಏಪ್ರಿಲಿನಲ್ಲಿ ಸುಮಾರು ನೂರು ಮಂದಿ ಮಂಗಳೂರಿನಲ್ಲಿ ಬಂದಿಳಿದರು. ಗುಟ್ಟಾಗಿರಬೇಕಾಗಿದ್ದ ಆ ಘೋಷಣೆಯೇ ಇಂಗ್ಲಿಷರಿಗೆ ಯುದ್ಧದ ನೆಪವಾಯಿತು. ಆ ನೂರು ಮಂದಿ ಆ ದ್ವೀಪದಲ್ಲಿ ಕೂಡಿಬಂದವರಾದುದರಿಂದ, ಅವರ ಜಾಡನ್ನು ಹಿಡಿಯುವವನು ಮಾರಿಷಸ್ಸಿನ ಹುಟ್ಟು ಮದುವೆಗಳ ಪುಸ್ತಕಗಳಿಂದಲೇ ಮೊದಲುಮಾಡಬೇಕು.

ಕೆನಡಾದ ಸಿಪಾಯಿಯ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ಅವನ ಸಂತತಿಯವರು ಬರೆದುಕೊಂಡ ವಂಶಚರಿತ್ರೆಗಳಲ್ಲಿ ಮಂಜು, ಕಾಡು, ಹಸಿವು, ಧೈರ್ಯ ಇವುಗಳ ವರ್ಣನೆ ಧಾರಾಳವಾಗಿರುತ್ತದೆ; 1666ರ ಶರತ್ಕಾಲ ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಆ ಅಕ್ಟೋಬರಿನಲ್ಲಿ ತ್ರಾಸಿ ಸೇನಾನಿ ಸುಮಾರು 600 ಮಂದಿ ಸಿಪಾಯಿಗಳನ್ನೂ, ಅಷ್ಟೇ ಮಂದಿ ವಸಾಹತಿನ ಒಕ್ಕಲುಗಳನ್ನೂ, ಸ್ಥಳೀಯ ಮಿತ್ರಜನಾಂಗಗಳ ನೂರು ಮಂದಿಯನ್ನೂ ಕೂಡಿಸಿಕೊಂಡು ಇರೊಕ್ವಾ ಒಕ್ಕೂಟಕ್ಕೆ ಸೇರಿದ ಮೊಹಾಕ್ ಜನರ ನಾಡಿಗೆ ನುಗ್ಗಿದ. ಜನ ಮುಂಚೆಯೇ ಊರುಗಳನ್ನು ತೆರವು ಮಾಡಿ ಕಾಡಿಗೆ ಸರಿದಿದ್ದರು. ನಾಲ್ಕು ಊರುಗಳನ್ನು ಸುಡಲಾಯಿತು; ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಮುಸುಕಿನ ಜೋಳವೂ, ಹೊಲದಲ್ಲಿ ನಿಂತಿದ್ದ ಬೆಳೆಯೂ ನಾಶವಾದುವು. ಮರುವರ್ಷ ಒಪ್ಪಂದಕ್ಕೆ ಮೊಹಾಕರನ್ನು ತಂದದ್ದು ಈ ಬೆಂಕಿ. ಅಲ್ಲಿಗೆ ಹೋದ ಸಿಪಾಯಿಗಳ ಹೆಸರುಗಳನ್ನು ಯಾವ ಕರಣಿಕನೂ ಬರೆದಿಟ್ಟುಕೊಳ್ಳಲಿಲ್ಲ. ಆದರೆ ರೆಜಿಮೆಂಟಿನ ಸುಮಾರು ಅರ್ಧದಷ್ಟು ಮಂದಿ ಆ ದಾರಿಯಲ್ಲಿ ನಡೆದಿದ್ದುದರಿಂದ, 1668ರ ಪಟ್ಟಿಯಲ್ಲಿ ತನ್ನ ಪೂರ್ವಿಕನ ಅಡ್ಡಹೆಸರನ್ನು ಕಂಡುಕೊಂಡವನು ಅವನ ಕೈಯಲ್ಲಿಯೂ ಪಂಜು ಇದ್ದಿರಬಹುದೆಂಬುದನ್ನು ತನ್ನ ವಂಶಚರಿತ್ರೆಯಲ್ಲಿ ಬರೆಯಬೇಕು.